ಉಂಚಳ್ಳಿಗೆ ಯಾವ ಮಳೆಯಲ್ಲಿ ಹೋಗಬೇಕು?

ಪ್ರಶ್ನೆ: ಕಳೆದ ವರ್ಷ ಜುಲೈ ಕೊನೆಯ ವಾರ ಬೆಂಗಳೂರಿನಿಂದ ಉಂಚಳ್ಳಿ ಜಲಪಾತ ನೋಡಲು ಹೋಗಿದ್ದೆವು. ಸದ್ದು ಎದೆ ನಡುಗಿಸುವಂತೆ ಕೇಳುತ್ತಿತ್ತು, ಕಣ್ಣಿಗೆ ಮಾತ್ರ ಬಿಳಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಒಂದೂವರೆ ಗಂಟೆ ಕಾದು ವಾಪಸಾದೆವು. ಈ ಸಲ 68 ವರ್ಷದ ಅಮ್ಮ, ಹತ್ತು ವರ್ಷದ ಮಗ ಜೊತೆಗಿರುತ್ತಾರೆ. ಕೆಲವರು ಆಗಸ್ಟ್ ಅನ್ನುತ್ತಾರೆ, ಕೆಲವರು ಡಿಸೆಂಬರ್. ನೀರೂ ಇರಬೇಕು, ಜಲಪಾತವೂ ಕಾಣಬೇಕು, ಅಮ್ಮ ನಡೆಯುವ ಹಾಗೂ ಇರಬೇಕು. ಯಾವಾಗ ಹೋಗೋಣ?

ಉತ್ತರ: ದಸರಾ ರಜೆಯ ಆಸುಪಾಸಿನಲ್ಲಿ ಹೋಗಿ. ಇನ್ನೂ ಬಿಗಿಯಾಗಿ ಹೇಳುವುದಾದರೆ, ಸೆಪ್ಟೆಂಬರ್ 20ರಿಂದ ಅಕ್ಟೋಬರ್ ಕೊನೆಯೊಳಗೆ, ಒಂದು ಒಳ್ಳೆ ಮಳೆ ಹೊಯ್ದು ಹೊಳವಾದ, ಅಂದರೆ ಮಳೆ ಬಿಟ್ಟು ಆಕಾಶ ತಿಳಿಯಾದ, ಎರಡನೆಯ ಅಥವಾ ಮೂರನೆಯ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ನೋಡುವ ಜಾಗದಲ್ಲಿರಿ. ಆಗಸ್ಟ್ ಅಂದವರು ನೀರನ್ನಷ್ಟೇ ಲೆಕ್ಕಕ್ಕೆ ತಗೊಂಡಿದ್ದಾರೆ, ಡಿಸೆಂಬರ್ ಅಂದವರು ದಾರಿಯನ್ನಷ್ಟೇ. ಉಂಚಳ್ಳಿ ಇರುವ ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ಡಿಸೆಂಬರ್‌ಗೆ ಇನ್ನೊಂದು ತೊಂದರೆಯೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಜುಲೈ ಪ್ರವಾಸ ಯಾಕೆ ಕೈಕೊಟ್ಟಿತು ಅನ್ನುವುದನ್ನು ನೋಡೋಣ. ಅಘನಾಶಿನಿ ನದಿ ಉಂಚಳ್ಳಿಯಲ್ಲಿ 116 ಮೀಟರ್ ಬೀಳುತ್ತದೆ, ಅದೂ ಇಕ್ಕಟ್ಟಾದ, ಮೂರು ಕಡೆ ಗೋಡೆ ಕಟ್ಟಿದಂತಿರುವ ಕಮರಿಗೆ. ನೋಡುವವರು ಮೇಲೆ ನಿಂತು ಆ ಕಮರಿಯ ಆಚೆಗೆ ದೃಷ್ಟಿ ಹಾಯಿಸಬೇಕು. ಅಂದರೆ ನಿಮಗೂ ನೀರಿಗೂ ನಡುವೆ ಇರುವುದು ಗಾಳಿ ಮಾತ್ರ, ಆ ಗಾಳಿಯಲ್ಲಿ ಏನು ತುಂಬಿಕೊಂಡಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಜುಲೈನಲ್ಲಿ ಎರಡು ಬಗೆಯ ಮಂಜು ಒಟ್ಟಿಗೆ ಸೇರುತ್ತವೆ. ಒಂದು, ಸಮುದ್ರದ ಕಡೆಯಿಂದ ಬಂದು ಘಟ್ಟದ ಅಂಚಿಗೆ ತಾಗುವ ಮಳೆಮೋಡ. ಅದು ನೆಲಮಟ್ಟದಲ್ಲೇ ಸಾಗುತ್ತಿರುತ್ತದೆ. ಇನ್ನೊಂದು, ಬಿದ್ದ ನೀರು ಬಂಡೆಗೆ ಬಡಿದು ಏಳುವ ತುಂತುರು. ಪಡುಗಾಳಿ ಬೀಸಿದರೆ ಕಮರಿಯ ಕೆಳಗಿಂದ ಈ ತುಂತುರನ್ನು ಮೇಲಕ್ಕೆ ನೂಕಿ ನಿಮ್ಮ ಮುಖಕ್ಕೇ ತರುತ್ತದೆ. ನೀರು ಹೆಚ್ಚಾದಷ್ಟೂ ತುಂತುರು ಹೆಚ್ಚು, ತುಂತುರು ಹೆಚ್ಚಾದಷ್ಟೂ ಜಲಪಾತ ಮರೆ. ತುಂಬಿ ಹರಿಯುವ ಹೊತ್ತಿನಲ್ಲೇ ಕಾಣದಿರುವುದು ಇಂಥ ಜಲಪಾತಗಳ ಸ್ವಭಾವ. ಸುತ್ತಲಿನವರು ಇದನ್ನು ಕೆಪ್ಪ ಜೋಗ ಎಂದು ಕರೆಯುವುದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಕಿವಿಗೆ ಸಿಗುವಷ್ಟು ಕಣ್ಣಿಗೆ ಸಿಗುವುದಿಲ್ಲ. ಆ ದಿನಗಳಲ್ಲಿ ಗಾಳಿ ತಿರುಗಿ ಎರಡು ಮೂರು ನಿಮಿಷ ತೆರೆ ಸರಿದರೂ ಸರಿಯಬಹುದು, ಆದರೆ ಅದನ್ನು ನಂಬಿ ನಾನೂರು ಕಿಲೋಮೀಟರ್ ಬರಬಾರದು.

ಇನ್ನು ನೀರಿನ ಲೆಕ್ಕ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿ ಹತ್ತಿರ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ತನಕ ಅದನ್ನು ಯಾರೂ ಕಟ್ಟಿ ನಿಲ್ಲಿಸಿಲ್ಲ. ಹಾಗಾಗಿ ಉಂಚಳ್ಳಿಯಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಮೇಲೆ ಶಿರಸಿ, ಸಿದ್ದಾಪುರದ ಕಡೆ ಬಿದ್ದ ಮಳೆ ಮತ್ತು ಅಲ್ಲಿನ ಮಣ್ಣು ಎರಡೇ ನಿರ್ಧರಿಸುತ್ತವೆ. ಇದರಲ್ಲಿ ಮಣ್ಣಿನ ಪಾತ್ರವನ್ನು ಜನ ಮರೆಯುತ್ತಾರೆ. ಜೂನ್ ಮೊದಲ ವಾರ ಒಂದೇ ದಿನ 80 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಬೇಸಿಗೆಯಿಡೀ ಒಣಗಿದ ನೆಲ ಅದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ. ಹೊಳೆಗೆ ಬರುವುದು ಗದ್ದೆ, ರಸ್ತೆ, ಗುಡ್ಡಗಳನ್ನು ತೊಳೆದ ಕೆಂಪು ರಾಡಿ ನೀರು. ಅಷ್ಟೇ ಮಳೆ ಸೆಪ್ಟೆಂಬರ್ ನಡುವೆ ಬಿದ್ದರೆ ನೆಲ ಆಗಲೇ ನೀರಲ್ಲಿ ನೆನೆಸಿಟ್ಟ ಗೋಣಿಚೀಲದ ಹಾಗಿರುತ್ತದೆ. ಹೊಸ ನೀರು ನೇರ ಹೊಳೆಗೆ ಇಳಿಯುತ್ತದೆ, ಮಳೆ ನಿಂತ ಮೇಲೂ ಒರತೆಗಳಿಂದ ದಿನಗಟ್ಟಲೆ ಹರಿವು ಬರುತ್ತಲೇ ಇರುತ್ತದೆ. ಆದ್ದರಿಂದಲೇ ಅಕ್ಟೋಬರ್‌ನಲ್ಲಿ ಕೆಲವು ದಿನ ಮಳೆ ಬಾರದಿದ್ದರೂ ಉಂಚಳ್ಳಿ ತೀರಾ ತೆಳುವಾಗುವುದಿಲ್ಲ. ನೀರು ಬೆಳ್ಳಗೆ, ಸ್ವಚ್ಛವಾಗಿ ಇಳಿಯುತ್ತದೆ, ಬಂಡೆಯ ಕರಿ ಮೈ ಅಲ್ಲಲ್ಲಿ ಕಾಣಿಸುತ್ತದೆ. ನನ್ನ ಪ್ರಕಾರ ಜಲಪಾತಕ್ಕೆ ಆಕಾರ ಬರುವುದೇ ಆಗ. ಪೂರ್ತಿ ತುಂಬಿದಾಗ ಅದು ಬರೀ ಒಂದು ಬಿಳಿ ಗೋಡೆ.

ಈ ಸೀಮೆಯ ಒಟ್ಟು ಮಳೆಯ ಮುಕ್ಕಾಲಿಗೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ, ಅದರಲ್ಲಿ ಜುಲೈನದೇ ಮೇಲುಗೈ. ತಿಂಗಳ ಲೆಕ್ಕಕ್ಕಿಂತ ಮಳೆನಕ್ಷತ್ರದ ಲೆಕ್ಕ ಇಲ್ಲಿ ಚೆನ್ನಾಗಿ ಒಪ್ಪುತ್ತದೆ, ಯಾಕೆಂದರೆ ಅದು ಹದಿಮೂರು ಹದಿನಾಲ್ಕು ದಿನಗಳ ಅಳತೆ. ಪಂಚಾಂಗದಲ್ಲಿ ಒಂದು ದಿನ ಹಿಂದೆ ಮುಂದೆ ಇರಬಹುದು, ಸ್ಥೂಲವಾಗಿ ಹೀಗೆ: ಜೂನ್ 8ರಿಂದ ಮೃಗಶಿರ, 22ರಿಂದ ಆರಿದ್ರಾ. ಇವು ರಾಡಿ ನೀರಿನ ದಿನಗಳು. ಜುಲೈ 6ರಿಂದ ಆಗಸ್ಟ್ 2ರ ತನಕ ಪುನರ್ವಸು ಮತ್ತು ಪುಷ್ಯ. ಬಿಡದೆ ಹೊಯ್ಯುವ ಜಡಿಮಳೆ ಇವೇ, ನೀವು ಹೋಗಿದ್ದು ಪುಷ್ಯದಲ್ಲಿ. ಆಶ್ಲೇಷವೂ ಬಹುಮಟ್ಟಿಗೆ ಹಾಗೆಯೇ. ಆಗಸ್ಟ್ 17ರಿಂದ ಮಘೆ ಹಿಡಿದ ಮೇಲೆ ಮಳೆಯ ನಡುವೆ ಬಿಡುವು ಕಾಣಿಸತೊಡಗುತ್ತದೆ. ತಿಂಗಳ ಕೊನೆಗೆ ಹುಬ್ಬೆ, ಸೆಪ್ಟೆಂಬರ್ 13ರಿಂದ ಉತ್ತರೆ, 27ರಿಂದ ಹಸ್ತ. ಉತ್ತರೆಯ ಕೊನೆ ಮತ್ತು ಹಸ್ತ, ಇವೆರಡನ್ನೂ ಉಂಚಳ್ಳಿಗೆ ಮೀಸಲಿಡಬಹುದು. ಅಕ್ಟೋಬರ್ 11ರಿಂದ ಚಿತ್ತೆ, 24ರಿಂದ ಸ್ವಾತಿ. ಇವೂ ಒಳ್ಳೆಯವೇ, ಆದರೆ ಮಳೆಯ ರೀತಿ ಬದಲಾಗಿರುತ್ತದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಮೂಡಣದಿಂದ ಕರಿಮೋಡ, ಗುಡುಗು, ಸಿಡಿಲು. ಬಯಲಲ್ಲಿ, ಕಬ್ಬಿಣದ ಕಟಕಟೆ ಹಿಡಿದು ನಿಲ್ಲುವ ಹೊತ್ತಲ್ಲ ಅದು.

ಹತ್ತರಿಂದ ಒಂದು ಗಂಟೆ ಅಂದದ್ದು ಇದಕ್ಕೇ. ಹಿಂದಿನ ರಾತ್ರಿ ಆಕಾಶ ತಿಳಿಯಾಗಿದ್ದರೆ ಬೆಳಗಿನ ಜಾವ ಕಣಿವೆಯಲ್ಲಿ ಇಬ್ಬನಿಯ ಮಂಜು ಕೂತಿರುತ್ತದೆ. ಬಿಸಿಲು ಏರಿ ಅದು ಕರಗಲು ಒಂಬತ್ತು, ಒಂಬತ್ತೂವರೆ ಆಗುತ್ತದೆ. ಏಳು ಗಂಟೆಗೇ ಹೋಗಿ ನಿಂತವರು ಮಂಜು ನೋಡಿ ಬೇಸರದಿಂದ ಹಿಂತಿರುಗುವುದೂ, ಅವರ ಕಾರು ಶಿರಸಿ ಮುಟ್ಟುವಷ್ಟರಲ್ಲಿ ಜಲಪಾತ ತೆರೆದುಕೊಳ್ಳುವುದೂ ನಡೆಯುತ್ತಲೇ ಇರುತ್ತದೆ. ಜುಲೈನ ಮಂಜಿಗೂ ಅಕ್ಟೋಬರ್‌ನ ಬೆಳಗಿನ ಮಂಜಿಗೂ ಇರುವ ವ್ಯತ್ಯಾಸ ಇದು: ಎರಡನೆಯದನ್ನು ಕಾದು ಕಳೆಯಬಹುದು. ಕಾಮನಬಿಲ್ಲು ಬೇಕಿದ್ದರೆ ಸೂರ್ಯ ನಿಮ್ಮ ಬೆನ್ನಿಗೆ, ತುಂತುರು ನಿಮ್ಮೆದುರು ಇರಬೇಕು. ಮೇಲಿನಿಂದ ಕಮರಿಯೊಳಕ್ಕೆ ನೋಡುವಾಗ ಸೂರ್ಯ ತಕ್ಕಮಟ್ಟಿಗೆ ಮೇಲಿದ್ದರೂ ಬಿಲ್ಲು ಕೆಳಗೆ ಮೂಡುತ್ತದೆ. ಹುಡುಗನಿಗೆ ತೋರಿಸಲು ಚೆಂದ.

ತಾರೀಖನ್ನು ಎರಡು ತಿಂಗಳ ಮೊದಲೇ ಗಟ್ಟಿ ಮಾಡಬೇಡಿ. ನಾಲ್ಕೈದು ದಿನಗಳ ಅವಕಾಶ ಇಟ್ಟುಕೊಂಡು, ಹೊರಡುವ ಮೂರು ದಿನ ಮುಂಚೆ ನಿರ್ಧರಿಸಿ. ಅದಕ್ಕೆ ಮುನ್ಸೂಚನೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈಗಾಗಲೇ ಬಿದ್ದ ಮಳೆಯ ಲೆಕ್ಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಮಳೆ ವಿವರ ಕೊಡುತ್ತದೆ, ಅದರ ‘ವರುಣ ಮಿತ್ರ’ ಸಹಾಯವಾಣಿಯಲ್ಲೂ ಕೇಳಬಹುದು. ನೀವು ನೋಡಬೇಕಾದದ್ದು ಶಿರಸಿ ಮತ್ತು ಸಿದ್ದಾಪುರ ತಾಲೂಕಿನ ಮಳೆ. ಕುಮಟಾ, ಹೊನ್ನಾವರದ ಮಳೆ ಜಲಪಾತದ ಕೆಳಗೆ ಬೀಳುವಂಥದು, ಉಂಚಳ್ಳಿಗೆ ಅದರಿಂದ ಹನಿ ನೀರೂ ಬರುವುದಿಲ್ಲ. ಹಿಂದಿನ ವಾರದಲ್ಲಿ ಎರಡು ಮೂರು ದಿನ ದಿನಕ್ಕೆ 30–40 ಮಿಲಿಮೀಟರ್ ಬಿದ್ದು, ಆಮೇಲೆ ಹೊಳವಾಗಿದ್ದರೆ ಕಣ್ಣುಮುಚ್ಚಿ ಹೊರಡಿ. ಮಳೆ ಹೊಯ್ಯುತ್ತಿರುವ ದಿನವೇ ಹೋದರೆ ರಾಡಿ ಮತ್ತು ಮಂಜು. ಎರಡನೆಯ ದಿನಕ್ಕೆ ರಾಡಿ ಇಳಿದಿರುತ್ತದೆ, ಹರಿವು ಇಳಿದಿರುವುದಿಲ್ಲ.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ಗೆ ಮೇಲೆ, ‘ಅತಿ ಭಾರಿ’ 115.6ಕ್ಕೆ ಮೇಲೆ, 204.4 ದಾಟಿದರೆ ‘ಅತ್ಯಂತ ಭಾರಿ’. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಸ್ಥೂಲವಾಗಿ ಈ ಮೂರಕ್ಕೆ ಹೊಂದುತ್ತವೆ. ಉತ್ತರ ಕನ್ನಡಕ್ಕೆ ಹಳದಿ ಎಚ್ಚರಿಕೆ ಬಂತೆಂದು ಪ್ರವಾಸ ರದ್ದು ಮಾಡಬೇಕಿಲ್ಲ, ದಿನ ಬದಲಿಸಿದರೆ ಸಾಕು. ಕಿತ್ತಳೆ ಬಂದರೆ ಘಟ್ಟದ ರಸ್ತೆ ಹಿಡಿಯಬೇಡಿ. ಕೆಂಪು ಬಂದರೆ ಮನೆ ಬಿಡಬೇಡಿ. ಜುಲೈನಲ್ಲಿ ಜಲಪಾತಕ್ಕಿಂತ ದೊಡ್ಡ ಅಪಾಯ ಇರುವುದು ರಸ್ತೆಯಲ್ಲೇ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂದು ಬಿತ್ತು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟವೂ ಮಳೆಗಾಲದಲ್ಲಿ ನಂಬುವಂಥದ್ದಲ್ಲ. ನೀವು ಬೆಂಗಳೂರು ಕಡೆಯಿಂದ ಬರುವುದರಿಂದ ಆ ಘಟ್ಟ ಇಳಿಯುವ ಪ್ರಮೇಯವಿಲ್ಲ. ಶಿರಸಿಯಿಂದಲಾಗಲಿ ಸಿದ್ದಾಪುರದಿಂದಲಾಗಲಿ ಹೆಗ್ಗರಣೆ ಮೂಲಕ ಹೋಗಬಹುದು, ಎರಡೂ ಕಡೆಯಿಂದ ಸುಮಾರು 35 ಕಿಲೋಮೀಟರ್. ರೈಲು ಬೇಕೆಂದರೆ ತಾಳಗುಪ್ಪದ ತನಕ ರಾತ್ರಿ ರೈಲಿದೆ, ಅಲ್ಲಿಂದ ಸಿದ್ದಾಪುರ ಹತ್ತಿರ. ಅಮ್ಮನಿಗೆ ಒಂದೇ ಸಮನೆ ಏಳೆಂಟು ಗಂಟೆ ಕಾರಿನಲ್ಲಿ ಕೂರುವುದಕ್ಕಿಂತ ಇದು ಹಿತ.

ಈಗ ಡಿಸೆಂಬರ್ ವಿಷಯ. ಆಗ ದಾರಿ ಒಣಗಿರುತ್ತದೆ, ಆಕಾಶ ತಿಳಿ, ಉಂಬಳದ (ಜಿಗಣೆಯ) ಕಾಟವಿಲ್ಲ. ನೀರು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿರುತ್ತದೆ. ಜನವರಿಯಿಂದ ಅಡಿಕೆ ತೋಟಗಳಿಗೆ ಹಳ್ಳಗಳಿಂದ ಪಂಪು ಹಚ್ಚುವುದು ಶುರುವಾದ ಮೇಲಂತೂ ಇಳಿತ ಇನ್ನೂ ಬೇಗ. ಮಾರ್ಚ್ ಹೊತ್ತಿಗೆ ಅಷ್ಟು ದೊಡ್ಡ ಬಂಡೆಯ ಮೈಮೇಲೆ ಒಂದೆರಡು ಎಳೆ ಉಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಸಿದ್ದಾಪುರ ತಾಲೂಕಿನಲ್ಲೂ ಕಾಣಿಸಿಕೊಳ್ಳುತ್ತ ಬಂದಿದೆ. ಇದನ್ನು ಹರಡುವ ಉಣುಗಿನ (ರಕ್ತ ಹೀರುವ ಉಣ್ಣೆ ಹುಳದ) ಮರಿಗಳು ಹೆಚ್ಚಾಗುವುದು ಮಳೆ ಹೋಗಿ ನೆಲ ಒಣಗಿದ ಮೇಲೆ, ಸುಮಾರಾಗಿ ಡಿಸೆಂಬರ್‌ನಿಂದ ಮೇ ತನಕ. ಹೆದರಿ ಕೂರಬೇಕಿಲ್ಲ, ಆದರೆ ಆ ತಿಂಗಳುಗಳಲ್ಲೇ ಹೋಗುವುದಾದರೆ ಹೋಗುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಕಡೆ ಮಂಗ ಸತ್ತ ಸುದ್ದಿ ಇದೆಯೇ ಎಂದು ಕೇಳಿ. ಇದ್ದರೆ ಕಾಡಿಗೆ ಇಳಿಯಬೇಡಿ. ಇಲ್ಲದಿದ್ದರೂ ತುಂಬುತೋಳಿನ ಅಂಗಿ, ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳುವುದು, ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರದಿರುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ ಮತ್ತು ಬಟ್ಟೆ ಒಗೆಯುವುದು, ಇಷ್ಟು ತಪ್ಪಬಾರದು. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಸಿದ್ದಾಪುರದ ಕಾಡಿಗೆ ಹೋಗಿದ್ದೆವು’ ಅನ್ನುವುದನ್ನು ಮೊದಲ ಮಾತಾಗಿ ಹೇಳಬೇಕು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡೆಂಗಿ ಎಂದುಕೊಂಡು ದಿನ ಕಳೆಯುವ ಸಂಭವ ಇದೆ.

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಉಣುಗಿನ ಬದಲು ಉಂಬಳ. ಅದರಿಂದ ಕಾಯಿಲೆಯ ಭಯವಿಲ್ಲ, ಕಿರಿಕಿರಿ ಅಷ್ಟೇ. ಮಳೆ ಬಿಟ್ಟು ಮೂರು ದಿನ ಬಿಸಿಲು ಬಿದ್ದರೆ ಕಾಲುದಾರಿಯ ಮೇಲೆ ಅದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಎರಡನೇ ಮೂರನೇ ದಿನ ಹೋಗಿ ಅನ್ನಲು ಇದೂ ಒಂದು ಕಾರಣ. ಬೇವಿನೆಣ್ಣೆಗೆ ನಶ್ಯಪುಡಿ ಕಲಸಿ ಚಪ್ಪಲಿ, ಬೂಟು, ಕಾಲುಚೀಲಕ್ಕೆ ಹಚ್ಚಿದರೆ ಒಂದೆರಡು ತಾಸು ತಡೆಯುತ್ತದೆ; ನೀರು ತಾಗಿದರೆ ಮತ್ತೆ ಹಚ್ಚಬೇಕು. ಹತ್ತಿದ ಉಂಬಳವನ್ನು ಎಳೆದು ಕೀಳಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಅದು ಕಚ್ಚಿದ ಕಡೆ, ತೆಳ್ಳಗಿನ ತುದಿಯ ಬುಡಕ್ಕೆ ಉಗುರು ಹಾಯಿಸಿ ಪಕ್ಕಕ್ಕೆ ಜಾರಿಸಿದರೆ ತಾನೇ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಸೋಪು ನೀರಲ್ಲಿ ತೊಳೆದು ಹತ್ತಿ ಒತ್ತಿ ಕಟ್ಟಿ. ನಿಮ್ಮ ತಾಯಿಯವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಈ ಒಸರು ಹೆಚ್ಚು ಹೊತ್ತು ಇರುತ್ತದೆ, ಅವರಿಗೆ ಮಂಡಿತನಕದ ದಪ್ಪ ಕಾಲುಚೀಲ ಕಡ್ಡಾಯ ಮಾಡಿ.

ತಾಯಿಯವರ ನಡಿಗೆಗೆ ಬಂದರೆ, ಹೆಗ್ಗರಣೆ ದಾಟಿ ಸುಮಾರು ಐದು ಕಿಲೋಮೀಟರ್ ಕಾಡುದಾರಿ, ವಾಹನ ನಿಲ್ಲಿಸಿದ ಮೇಲೆ ನಡಿಗೆ, ಕೊನೆಯಲ್ಲಿ ಮೆಟ್ಟಿಲು. ದೂರ ಹೆಚ್ಚಲ್ಲ. ತೊಡಕು ಇರುವುದು ಹಾವಸೆಯಲ್ಲಿ. ಮಳೆಗಾಲದ ನಾಲ್ಕು ತಿಂಗಳು ನೆರಳಲ್ಲಿ ನೆಂದ ಮೆಟ್ಟಿಲ ಮೇಲೆ ಹಸಿರು ಪಾಚಿ ಬೆಳೆದು ಎಣ್ಣೆ ಸವರಿದಂತಾಗಿರುತ್ತದೆ. ಜನ ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಪ್ಲಾಸ್ಟಿಕ್ ಚಪ್ಪಲಿ, ಸವೆದ ಸ್ಪೋರ್ಟ್ಸ್ ಶೂ ಎರಡೂ ಬೇಡ. ತಳದಲ್ಲಿ ಆಳವಾದ ಗೆರೆಗಳಿರುವ ರಬ್ಬರ್ ಬೂಟು ಸಾಕು. ಮೆಟ್ಟಿಲ ನಡುಭಾಗ ಬಿಟ್ಟು, ಕಟಕಟೆ ಇರುವ ಕಡೆ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಸಿ. ಒಂದು ಊರುಗೋಲು ಜೊತೆಗಿರಲಿ. ಛತ್ರಿ ಗಾಳಿಗೆ ತಿರುಗುತ್ತದೆ, ಎರಡೂ ಕೈ ಬಿಡುವಿರುವ ಮಳೆಯಂಗಿ ವಾಸಿ. ಮೇಲಿನ ಜಾಗದಿಂದಲೇ ಜಲಪಾತ ಚೆನ್ನಾಗಿ ಕಾಣುತ್ತದೆ, ಅವರು ಅಲ್ಲೇ ಕೂತರೂ ಕಳಕೊಳ್ಳುವುದು ಕಡಿಮೆ. ಬುಡಕ್ಕೆ ಇಳಿಯುವ ಯೋಚನೆ ಯಾರಿಗೂ ಬೇಡ, ಅದು ಸಂಸಾರ ಸಮೇತ ಹೋಗುವ ಜಾಗವಲ್ಲ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಪೆಟ್ರೋಲು, ಊಟ, ಕುಡಿಯುವ ನೀರು ಎಲ್ಲ ಪೇಟೆಯಲ್ಲೇ ಆಗಲಿ. ಇದು ಸಿಂಗಳೀಕಗಳ ಸಂರಕ್ಷಿತ ಪ್ರದೇಶ. ತಿಂಡಿ ಪೊಟ್ಟಣ ಹೊರಗೆ ಕಾಣಿಸದ ಹಾಗೆ ಇಟ್ಟುಕೊಳ್ಳಿ, ಮಗ ಎಷ್ಟು ಕಾಡಿದರೂ ಮಂಗಕ್ಕೆ ಏನನ್ನೂ ಹಾಕಗೊಡಬೇಡಿ.

ಇಷ್ಟು ಹೇಳಿದ್ದು ಉಂಚಳ್ಳಿಗೆ. ಇದೇ ತಿಂಗಳನ್ನು ಬೇರೆ ಜಲಪಾತಕ್ಕೆ ಹಚ್ಚಿದರೆ ಮೋಸ ಹೋಗುತ್ತೀರಿ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಮೇಲೆ ಅಣೆಕಟ್ಟು ಇದೆಯೇ? ನೋಡುವುದು ಮೇಲಿನಿಂದಲೋ ಬುಡದಿಂದಲೋ?

ಅಣೆಕಟ್ಟು ಇದ್ದರೆ ಪಂಚಾಂಗ ಕೆಲಸಕ್ಕೆ ಬಾರದು. ಜೋಗದ ಮೇಲೆ ಲಿಂಗನಮಕ್ಕಿ ಇದೆ, ಅದರ ಪೂರ್ಣ ಮಟ್ಟ 1,819 ಅಡಿ. ಜಲಾಶಯ ಅದರ ಹತ್ತಿರ ಬರುವ ತನಕ ಗೇಟು ತೆರೆಯುವುದಿಲ್ಲ; ಅಲ್ಲಿಯವರೆಗೆ ಜೋಗದಲ್ಲಿ ಕಾಣುವುದು ಮುಖ್ಯವಾಗಿ ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ನೀರು. ಒಳ್ಳೆ ವರ್ಷದಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಗೇಟು ತೆರೆದ ಸುದ್ದಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಬರುವುದೇ ಇಲ್ಲ. ಆದ್ದರಿಂದ ಜೋಗಕ್ಕೆ ಹೋಗುವವರು ಮೋಡ ನೋಡುವ ಬದಲು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಬೇಕು. ವರಾಹಿ ನದಿಯ ಕುಂಚಿಕಲ್ ಜಲಪಾತ ಕೂಡ ಮಾಣಿ ಅಣೆಕಟ್ಟಿನಿಂದಾಗಿ ಮಳೆಗಾಲದಲ್ಲಷ್ಟೇ ಜೀವ ಪಡೆಯುತ್ತದೆ.

ಯಲ್ಲಾಪುರದ ಮಾಗೋಡು ಉಂಚಳ್ಳಿಯ ಜಾತಿಯೇ. ಬೇಡ್ತಿ ನದಿ ಆಳದ ಕಮರಿಗೆ ಬೀಳುತ್ತದೆ, ದೂರದಿಂದ, ಮೇಲಿನಿಂದ ನೋಡಬೇಕು. ಮೇಲೆ ಹೇಳಿದ ದಿನಗಳು ಅದಕ್ಕೂ ಸರಿ. ಸಾತೊಡ್ಡಿ ಮತ್ತು ಯಾಣದ ಹತ್ತಿರದ ವಿಭೂತಿ ಹಾಗಲ್ಲ. ಇವು ಚಿಕ್ಕವು, ಬುಡದ ತನಕ ನಡೆದು ಹೋಗಿ ನೋಡುವಂಥವು. ಸಾತೊಡ್ಡಿ ಸುಮಾರು 15 ಮೀಟರ್ ಅಷ್ಟೇ. ಬುಡದಿಂದ ನೋಡುವ ಜಲಪಾತಕ್ಕೆ ನೀರು ತುಸು ಕಡಿಮೆಯಾದ ಕಾಲವೇ ಒಳ್ಳೆಯದು, ನವೆಂಬರ್ ನನ್ನ ಆಯ್ಕೆ. ಅಕ್ಟೋಬರ್‌ನಲ್ಲೇ ಹೋದರೆ ಹೊಳೆಯ ನೀರಿನ ಮೇಲೆ ಕಣ್ಣಿರಲಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಗುಡುಗಿನ ಮಳೆ ಬಿದ್ದಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕದಡುವುದು, ಎಲೆ ಕಡ್ಡಿ ತೇಲಿ ಬರುವುದು, ಸದ್ದಿನ ಧಾಟಿ ಬದಲಾಗುವುದು, ಆಗಷ್ಟೇ ಒಣಗಿದ್ದ ಕಲ್ಲಿನ ಅಂಚು ಒದ್ದೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಫೋಟೋ, ಚಪ್ಪಲಿ ಎಲ್ಲ ಬಿಟ್ಟು ಹತ್ತಿರದ ದಡ ಹತ್ತಬೇಕು. ದಡ ಅಂದರೆ ನೀವು ಬಂದ ಕಡೆಯದೇ ಆಗಬೇಕಿಲ್ಲ, ಯಾವುದು ಹತ್ತಿರವೋ ಅದು. ಆಚೆ ದಾಟಲು ಹೋದವರೇ ಹೆಚ್ಚಾಗಿ ಕೊಚ್ಚಿಹೋಗುವುದು.

ಕೆಲವು ಕಡೆ ಕಾಲವನ್ನು ಮಳೆಗಿಂತ ನಿಯಮವೇ ಗೊತ್ತುಮಾಡುತ್ತದೆ. ಗೋವಾ ಗಡಿಯ ದೂಧ್‌ಸಾಗರಕ್ಕೆ ಕುಳೆಯಿಂದ ಕಾಡಿನೊಳಗೆ ಹೋಗುವ ಜೀಪುಗಳು ಮಳೆಗಾಲದಲ್ಲಿ ನಿಂತು, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗುತ್ತವೆ. ಕ್ಯಾಸಲ್‌ರಾಕ್‌ನಿಂದ ಹಳಿಗುಂಟ ನಡೆಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, ಅದನ್ನು ‘ಟ್ರೆಕ್’ ಎಂದು ಯಾರು ಹೇಳಿದರೂ ನಂಬಬೇಡಿ. ತುಂಬಿದ ದೂಧ್‌ಸಾಗರ ಬೇಕಿದ್ದರೆ ಜುಲೈ–ಆಗಸ್ಟ್‌ನಲ್ಲಿ ಹಗಲು ಹೊತ್ತು ಆ ಘಟ್ಟ ಇಳಿಯುವ ರೈಲಿನ ಕಿಟಕಿಯೇ ಗತಿ. ಉತ್ತರ ಕನ್ನಡದಲ್ಲೂ ಮಳೆ ಜೋರಾದಾಗ ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದುಂಟು, ಹೊರಡುವ ಹಿಂದಿನ ದಿನ ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಂದು ಫೋನ್ ಮಾಡಿ.

ಕೊನೆಯದಾಗಿ ನಿಮ್ಮ ದಿನಗಳ ಹೊಂದಾಣಿಕೆ. ದಸರಾ ರಜೆ ಅಂದೆನಾದರೂ ಆಯುಧಪೂಜೆ, ವಿಜಯದಶಮಿ ಮತ್ತು ಅವಕ್ಕೆ ಅಂಟಿದ ಶನಿವಾರ ಭಾನುವಾರ ಬಿಡಿ. ಆ ಇಕ್ಕಟ್ಟು ರಸ್ತೆಯಲ್ಲಿ ಎದುರುಬದುರು ಕಾರು ಸಿಕ್ಕಿಕೊಂಡರೆ ಹತ್ತು ಗಂಟೆಗೆ ಮುಟ್ಟಬೇಕಾದವರು ಎರಡಕ್ಕೆ ಮುಟ್ಟುತ್ತೀರಿ, ಅಷ್ಟರಲ್ಲಿ ಮೋಡ ಕಟ್ಟಿರುತ್ತದೆ. ಶಿರಸಿಯಲ್ಲಿ ಎರಡು ರಾತ್ರಿ ಉಳಿಯುವಂತೆ ಬನ್ನಿ. ಮೊದಲ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ನೇರ ಉಂಚಳ್ಳಿ. ಮೋಡ ಕವಿದಿದ್ದರೆ ಅಂದು ಬನವಾಸಿಯ ಮಧುಕೇಶ್ವರ ದೇವಸ್ಥಾನ ಮುಗಿಸಿ, ಜಲಪಾತವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಎರಡೂ ದಿನ ಮಳೆ ಹಿಡಿದರೆ ಅಮ್ಮನನ್ನು ಮೆಟ್ಟಿಲ ಹತ್ತಿರ ಕರೆದೊಯ್ಯಲೇಬೇಡಿ, ನವೆಂಬರ್ ಮೊದಲ ವಾರಕ್ಕೆ ಮುಂದೂಡಿ. ಆಗಲೂ ನೋಡುವಷ್ಟು ನೀರು ಇರುತ್ತದೆ.